ಇಲ್ಲದ ದಾಳಿಗೆ ಕಥೆ ಕಟ್ಟುವವರು

2004ರ ಜುಲೈ 9ರಂದು ಪ್ಯಾರಿಸ್ ಹೊರವಲಯದ ರೈಲಿನಲ್ಲಿ ತನ್ನ ಮೇಲೆ ದಾಳಿ ನಡೆಯಿತು ಎಂದು ಯುವತಿಯೊಬ್ಬಳು ಪೊಲೀಸರಿಗೆ ದೂರು ಕೊಟ್ಟಳು. ಅರಬ್ ಮತ್ತು ಆಫ್ರಿಕಾ ಮೂಲದ ಆರು ಹುಡುಗರು ತನ್ನನ್ನು ಯಹೂದಿ ಎಂದುಕೊಂಡರು, ಕೂದಲು ಕತ್ತರಿಸಿದರು, ಹೊಟ್ಟೆಯ ಮೇಲೆ ನಾಜಿ ಚಿಹ್ನೆ ಬರೆದರು ಎಂದಳು. ಜೊತೆಯಲ್ಲಿ ಎಳೆಗೂಸು ಇತ್ತು. ಬೋಗಿಯಲ್ಲಿದ್ದವರು ಯಾರೂ ನೆರವಿಗೆ ಬರಲಿಲ್ಲ ಎಂದೂ ಹೇಳಿದಳು. ಸುದ್ದಿ ಹೊರಬೀಳುತ್ತಿದ್ದಂತೆ ಅಧ್ಯಕ್ಷ ಜಾಕ್ ಶಿರಾಕ್ ಖಂಡಿಸಿದರು. ದೇಶವೇ ನಾಚಿಕೆಯಿಂದ ತಲೆ ತಗ್ಗಿಸಿತು. ಆದರೆ ಸಾಕ್ಷಿ ಹೇಳಲು ಒಬ್ಬ ಪ್ರಯಾಣಿಕನೂ ಮುಂದೆ ಬರಲಿಲ್ಲ. ನಿಲ್ದಾಣದ ಕ್ಯಾಮೆರಾಗಳಲ್ಲಿ ಆ ಹುಡುಗರು ಕಾಣಲೇ ಇಲ್ಲ. ನಾಲ್ಕು ದಿನ ಕಳೆದ ಮೇಲೆ ಆಕೆ ಒಪ್ಪಿಕೊಂಡಳು. ದಾಳಿಯೇ ನಡೆದಿರಲಿಲ್ಲ. ಆಕೆ ಯಹೂದಿಯೂ ಆಗಿರಲಿಲ್ಲ.

ಅಷ್ಟು ದೊಡ್ಡ ದೇಶ ಅಷ್ಟು ಬೇಗ ನಂಬಿದ್ದೇಕೆ? ಆ ವರ್ಷಗಳಲ್ಲಿ ಫ್ರಾನ್ಸ್‌ನಲ್ಲಿ ಯಹೂದಿಗಳ ಮೇಲೆ ನಿಜವಾದ ದಾಳಿಗಳು ಹೆಚ್ಚುತ್ತಿದ್ದವು. ಹೀಗಾಗಿ ಜನರ ಮನಸ್ಸಿನಲ್ಲಿ ದಾಳಿ ಎಂದರೆ ಹೇಗಿರುತ್ತದೆ, ಮಾಡುವವರು ಯಾರಿರುತ್ತಾರೆ ಎಂಬ ಚಿತ್ರ ಮೊದಲೇ ಇತ್ತು. ಆಕೆಯ ಕಥೆ ಆ ಚಿತ್ರಕ್ಕೆ ಸರಿಯಾಗಿ ಹೊಂದಿಕೊಂಡಿತು. ಸುಳ್ಳು ಹೇಳುವವರು ಹೊಸದಾಗಿ ಏನನ್ನೂ ಹುಟ್ಟಿಸಬೇಕಿಲ್ಲ. ನಿಜವಾಗಿ ಪೆಟ್ಟು ತಿಂದವರ ಅನುಭವವನ್ನು ಎತ್ತಿಕೊಂಡು ತಮ್ಮದೆಂದು ಹೇಳಿದರೆ ಸಾಕು. ಇದು ನನ್ನ ಮಟ್ಟಿಗೆ ಕಳ್ಳತನವೇ. ಬೇರೆಯವರು ನೋವುಂಡು ಗಳಿಸಿದ ನಂಬಿಕೆಯ ಕಳ್ಳತನ.

ಒಂದು ಮಾತನ್ನು ಈಗಲೇ ಹೇಳಿಬಿಡಬೇಕು. ಇಂಥ ಕಟ್ಟುಕಥೆಗಳು ತೀರಾ ಅಪರೂಪ. ಅಮೆರಿಕದ ಕೇಂದ್ರ ತನಿಖಾ ಸಂಸ್ಥೆ ಎಫ್‌ಬಿಐ 2023ರಲ್ಲಿ 11,862 ದ್ವೇಷದ ಅಪರಾಧ ಪ್ರಕರಣಗಳನ್ನು, ಅಂದರೆ ಜನಾಂಗ, ಧರ್ಮದಂಥ ಗುರುತಿನ ಮೇಲಿನ ದ್ವೇಷದಿಂದ ನಡೆದವನ್ನು, ದಾಖಲಿಸಿತು. ನಿಜವಾಗಿ ನಡೆಯುವುದು ಇದಕ್ಕಿಂತ ಎಷ್ಟೋ ಜಾಸ್ತಿ. ಅಲ್ಲಿನ ನ್ಯಾಯಾಂಗ ಅಂಕಿಅಂಶ ಕಚೇರಿ ಜನರನ್ನೇ ಕೇಳಿ ಸಮೀಕ್ಷೆ ಮಾಡುತ್ತದೆ. ಅದರ ಪ್ರಕಾರ 2004ರಿಂದ 2015ರವರೆಗೆ ವರ್ಷಕ್ಕೆ ಸರಾಸರಿ ಸುಮಾರು 2,50,000 ಇಂಥ ಅಪರಾಧಗಳು ನಡೆದವು. ಅವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಪೊಲೀಸರವರೆಗೆ ಹೋಗಲೇ ಇಲ್ಲ. ಇನ್ನು ಸುಳ್ಳಿನ ಲೆಕ್ಕ. ಕ್ಯಾಲಿಫೋರ್ನಿಯಾ ಸ್ಟೇಟ್ ಯೂನಿವರ್ಸಿಟಿಯ ಸ್ಯಾನ್ ಬರ್ನಾರ್ಡಿನೊ ಕೇಂದ್ರದ ಸಂಶೋಧಕರು 2016ರಿಂದ 2018ರವರೆಗಿನ ಪ್ರಕರಣಗಳನ್ನು ಹುಡುಕಿದಾಗ ಬಯಲಾದ ಸುಳ್ಳು ದೂರುಗಳು ಸುಮಾರು 50. ಬಯಲಾಗದೆ ಉಳಿದವೂ ಇರಬಹುದು ಅಲ್ವಾ ಎಂದು ಯಾರಾದರೂ ಕೇಳಬಹುದು. ಇರಬಹುದು. ಹತ್ತು ಪಟ್ಟು ಇದೆ ಎಂದುಕೊಂಡರೂ, ಬಾಯಿ ಬಿಡದೆ ಸಹಿಸಿಕೊಂಡವರ ಸಂಖ್ಯೆಯ ಮುಂದೆ ಅದು ಏನೂ ಅಲ್ಲ.

ಹಾಗಿದ್ದರೂ ಕೆಲವರು ಯಾಕೆ ಕಥೆ ಕಟ್ಟುತ್ತಾರೆ?

ಕಾರಣ ಎಷ್ಟೋ ಸಲ ತೀರಾ ಸಣ್ಣದು. 2016ರ ಕೊನೆಯಲ್ಲಿ ನ್ಯೂಯಾರ್ಕ್‌ನ ಮುಸ್ಲಿಂ ವಿದ್ಯಾರ್ಥಿನಿಯೊಬ್ಬಳು ಸಬ್‌ವೇ ರೈಲಿನಲ್ಲಿ ಕೆಲವರು ತನ್ನ ಹಿಜಾಬ್ ಎಳೆಯಲು ಬಂದರು ಎಂದಳು. ಆಮೇಲೆ ಗೊತ್ತಾಗಿದ್ದು ಬೇರೆಯೇ. ರಾತ್ರಿ ಮನೆಗೆ ತಡವಾಗಿತ್ತು, ಮನೆಯವರ ಸಿಟ್ಟಿಗೆ ಹೆದರಿದ್ದಳು. ಮನೆಯಲ್ಲಿ ಹೇಳಲು ಹುಟ್ಟಿದ ನೆಪ ಒಂದೇ ದಿನದಲ್ಲಿ ಊರಿಗೆಲ್ಲ ಹರಡಿತು. ಸುತ್ತ ಸಾವಿರಾರು ಜನ ಕಣ್ಣೀರು ಹಾಕುತ್ತಿರುವಾಗ 'ಅದು ಸುಳ್ಳು' ಎಂದು ಹೇಳಲು ಎಷ್ಟು ಧೈರ್ಯ ಬೇಕು, ಯೋಚಿಸಿ.

ಇನ್ನು ಕೆಲವರಿಗೆ ಬೇಕಾಗಿರುವುದು ಗಮನ ಮತ್ತು ಆರೈಕೆ. ಕಾಯಿಲೆ ಇಲ್ಲದಿದ್ದರೂ ರೋಗಿಯಂತೆ ನಟಿಸಿ ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆಯುವವರ ಬಗ್ಗೆ ಬ್ರಿಟಿಷ್ ವೈದ್ಯ ರಿಚರ್ಡ್ ಆಶರ್ 1951ರಲ್ಲಿ ಬರೆದರು. ಅದಕ್ಕೆ ಮಂಚೌಸೆನ್ ಸಿಂಡ್ರೋಮ್ ಎಂಬ ಹೆಸರು ಕೊಟ್ಟರು. ಅಂಥವರಿಗೆ ದುಡ್ಡು, ರಜೆ, ವಿಮೆ ಯಾವುದೂ ಮುಖ್ಯವಲ್ಲ. ಯಾರಾದರೂ ತಮ್ಮ ಪಕ್ಕ ಕೂತು ಕಾಳಜಿ ಮಾಡಬೇಕು, ಅಷ್ಟೇ. ಅದೇ ಹಸಿವು ದಾಳಿಗೊಳಗಾದವರ ವೇಷವನ್ನೂ ತೊಡಬಲ್ಲದು. ಪ್ಯಾರಿಸ್‌ನ ಯುವತಿಗೆ ಕೋರ್ಟ್ ಚಿಕಿತ್ಸೆ ಪಡೆಯಲು ಹೇಳಿದ್ದು ಇದೇ ಕಾರಣಕ್ಕೆ ಅರ್ಥವಾಗುತ್ತದೆ.

ನನಗೆ ಹೆಚ್ಚು ಕಾಡುವುದು ಮತ್ತೊಂದು ಗುಂಪು. ತಾವು ನಂಬಿದ ಧ್ಯೇಯಕ್ಕಾಗಿ ಸುಳ್ಳು ಹೇಳುವವರು. 2004ರಲ್ಲಿ ಕ್ಯಾಲಿಫೋರ್ನಿಯಾದ ಕಾಲೇಜೊಂದರಲ್ಲಿ ಅಧ್ಯಾಪಕಿಯೊಬ್ಬರ ಕಾರಿನ ಗಾಜು ಒಡೆದು, ಅದರ ಮೇಲೆ ದ್ವೇಷದ ಮಾತುಗಳನ್ನು ಬರೆಯಲಾಗಿತ್ತು. ಅದಕ್ಕೆ ಸ್ವಲ್ಪ ಮುಂಚೆ ಅವರು ದ್ವೇಷದ ವಿರುದ್ಧವೇ ಮಾತಾಡಿದ್ದರು. ಕಾಲೇಜು ತರಗತಿ ನಿಲ್ಲಿಸಿ ಪ್ರತಿಭಟನೆಗೆ ಇಳಿಯಿತು. ಕಾರನ್ನು ಹಾಳುಮಾಡಿದ್ದು ಅವರೇ ಎಂದು ಕಂಡವರು ಸಾಕ್ಷಿ ಹೇಳಿದರು. ಕೋರ್ಟ್ ಅವರನ್ನು ತಪ್ಪಿತಸ್ಥೆ ಎಂದಿತು. ಇಂಥವರ ಮನಸ್ಸಿನ ಲೆಕ್ಕ ಊಹಿಸುವುದು ಕಷ್ಟವಲ್ಲ. ದ್ವೇಷ ಇರುವುದು ನಿಜ, ಜನರಿಗೆ ಕಾಣುತ್ತಿಲ್ಲ, ನಾನು ಕಾಣುವಂತೆ ಮಾಡುತ್ತೇನೆ. ದೊಡ್ಡ ಸತ್ಯಕ್ಕೆ ಸಣ್ಣ ಸುಳ್ಳಿನ ಸಹಾಯ ಎಂಬ ಈ ಲೆಕ್ಕ ಪ್ರತಿ ಸಲವೂ ಆ ದೊಡ್ಡ ಸತ್ಯವನ್ನೇ ಕೆಡವುತ್ತದೆ.

ಕೊನೆಗೆ, ತಮ್ಮ ಅಪರಾಧ ಮುಚ್ಚಲು ಬೇರೆ ಜನಾಂಗದ ಮೇಲೆ ಬೆರಳು ತೋರಿಸುವವರು. 1989ರ ಅಕ್ಟೋಬರ್‌ನಲ್ಲಿ ಬಾಸ್ಟನ್‌ನಲ್ಲಿ ಒಬ್ಬ ತನ್ನ ಗರ್ಭಿಣಿ ಹೆಂಡತಿಯನ್ನು ಕೊಂದ. ತನಗೂ ಗುಂಡು ಹೊಡೆದುಕೊಂಡು, ಕಪ್ಪು ಜನಾಂಗದ ಅಪರಿಚಿತನೊಬ್ಬ ಕಾರಿಗೆ ನುಗ್ಗಿ ಹೀಗೆ ಮಾಡಿದ ಎಂದ. ಪೊಲೀಸರು ಮಿಷನ್ ಹಿಲ್ ಬಡಾವಣೆಯ ಕಪ್ಪು ಯುವಕರನ್ನು ಬೀದಿಬೀದಿಯಲ್ಲಿ ನಿಲ್ಲಿಸಿ ತಪಾಸಣೆ ಮಾಡಿದರು. ಇಬ್ಬರ ಬದುಕು ಅನುಮಾನದಲ್ಲೇ ಹಾಳಾಯಿತು. 1990ರ ಜನವರಿಯಲ್ಲಿ ಸ್ವಂತ ತಮ್ಮನೇ ನಿಜ ಹೇಳಿದ ಮೇಲೆ ಆತ ಸೇತುವೆಯಿಂದ ಹಾರಿ ಸತ್ತ. ಬಾಸ್ಟನ್ ನಗರ ಆ ಇಬ್ಬರ ಕ್ಷಮೆ ಕೇಳಿದ್ದು 2023ರಲ್ಲಿ, 34 ವರ್ಷಗಳ ನಂತರ.

ನೊಂದವರಿಗೆ ಸಮಾಜ ಸಹಾನುಭೂತಿ ಕೊಡುವುದು ಒಳ್ಳೆಯ ಗುಣ. ಆದರೆ ಸಹಾನುಭೂತಿಗೂ ಬೆಲೆ ಇರುವುದರಿಂದ ಅದನ್ನು ಮೋಸದಿಂದ ಪಡೆಯಲು ನೋಡುವವರೂ ಇರುತ್ತಾರೆ. ಕೆನಡಾದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದ ಸಂಶೋಧಕರು 2020ರಲ್ಲಿ ಇದನ್ನು ಅಧ್ಯಯನ ಮಾಡಿದರು. 'ನಾನು ನೊಂದವನು, ಜೊತೆಗೆ ಒಳ್ಳೆಯವನು' ಎಂದು ಪದೇ ಪದೇ ತೋರಿಸಿಕೊಳ್ಳುವವರಲ್ಲಿ ತನ್ನನ್ನೇ ಮೆಚ್ಚಿಕೊಳ್ಳುವ ಮತ್ತು ಬೇರೆಯವರನ್ನು ಬಳಸಿಕೊಳ್ಳುವ ಸ್ವಭಾವ ಸ್ವಲ್ಪ ಹೆಚ್ಚು ಕಂಡುಬಂತು. ಇದನ್ನು ತಿರುಚಿ ಓದಬಾರದು. ನೋವು ಹೇಳಿಕೊಳ್ಳುವವರೆಲ್ಲ ಮೋಸಗಾರರು ಎಂದು ಆ ಸಂಶೋಧಕರು ಹೇಳಿಲ್ಲ.

ಸುಳ್ಳು ಬಯಲಾಗುವುದು ಬಹುಪಾಲು ಸಣ್ಣ ವಿವರಗಳಿಂದ. 2008ರಲ್ಲಿ ಅಮೆರಿಕದ ಚುನಾವಣಾ ಪ್ರಚಾರಕ್ಕೆ ಬಂದಿದ್ದ ಯುವತಿಯೊಬ್ಬಳು ಪಿಟ್ಸ್‌ಬರ್ಗ್‌ನಲ್ಲಿ ಕಪ್ಪು ವ್ಯಕ್ತಿಯೊಬ್ಬ ತನ್ನ ಕೆನ್ನೆಯ ಮೇಲೆ ಇಂಗ್ಲಿಷಿನ 'ಬಿ' ಅಕ್ಷರ ಗೀರಿದ ಎಂದಳು. ಅಕ್ಷರ ತಿರುಗುಮುರುಗಾಗಿತ್ತು, ಕನ್ನಡಿ ನೋಡಿಕೊಂಡು ಬರೆದ ಹಾಗೆ. ಫೊರೆನ್ಸಿಕ್ ವೈದ್ಯರಿಗೆ ಇಂಥ ಗಾಯಗಳ ಗುರುತು ಗೊತ್ತು. ತಾನೇ ಮಾಡಿಕೊಂಡ ಗಾಯ ಸಾಮಾನ್ಯವಾಗಿ ಆಳವಿರುವುದಿಲ್ಲ. ಗೀರುಗಳು ಒಂದರ ಪಕ್ಕ ಒಂದು ಸಮನಾಗಿ ಇರುತ್ತವೆ. ಸ್ವಂತ ಕೈಗೆ ಎಟಕುವ ಜಾಗದಲ್ಲೇ ಇರುತ್ತವೆ. ಕಣ್ಣು, ತುಟಿಯಂಥ ಹೆಚ್ಚು ನೋಯುವ ಜಾಗಗಳಿಗೆ ಪೆಟ್ಟು ಬಿದ್ದಿರುವುದಿಲ್ಲ. ನಿಜವಾದ ದಾಳಿಯಲ್ಲಿ ಮನುಷ್ಯ ಒದ್ದಾಡುತ್ತಾನೆ, ಕೈ ಅಡ್ಡ ಹಿಡಿಯುತ್ತಾನೆ, ಗಾಯ ವಕ್ರವಾಗುತ್ತದೆ, ಬಟ್ಟೆ ಹರಿಯುತ್ತದೆ. ಆದರೆ ಯಾವ ಗುರುತೂ ಒಂದೇ ತೀರ್ಪು ಕೊಡುವುದಿಲ್ಲ. ಹೆದರಿಕೆಯಿಂದ ಮರಗಟ್ಟಿ ಕೈ ಎತ್ತದವರೂ ಇದ್ದಾರೆ.

ಆ ಪರೀಕ್ಷೆ ಮುಗಿಯುವಷ್ಟರಲ್ಲಿ ಸುದ್ದಿ ಲೋಕವೆಲ್ಲ ಸುತ್ತಿರುತ್ತದೆ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಸಂಶೋಧಕರು ಟ್ವಿಟರ್‌ನಲ್ಲಿ 2006ರಿಂದ 2017ರವರೆಗೆ ಹರಡಿದ ಸುಮಾರು 1,26,000 ಸುದ್ದಿಗಳನ್ನು ಪರಿಶೀಲಿಸಿದರು. 1,500 ಜನರನ್ನು ಮುಟ್ಟಲು ಸುಳ್ಳಿಗಿಂತ ಸತ್ಯಕ್ಕೆ ಸುಮಾರು ಆರು ಪಟ್ಟು ಹೆಚ್ಚು ಸಮಯ ಬೇಕಾಯಿತು. ತಿದ್ದುಪಡಿ ಬಂದ ಮೇಲಾದರೂ ಮನಸ್ಸು ಸರಿಹೋಗುತ್ತದೆಯೇ? ಪೂರ್ತಿ ಇಲ್ಲ. 1994ರಲ್ಲಿ ಮನಶ್ಶಾಸ್ತ್ರದ ಸಂಶೋಧಕರಾದ ಹಾಲಿನ್ ಜಾನ್ಸನ್ ಮತ್ತು ಕಾಲೀನ್ ಸೈಫರ್ಟ್ ಒಂದು ಪ್ರಯೋಗ ಮಾಡಿದರು. ಗೋದಾಮಿಗೆ ಬೆಂಕಿ ಬಿದ್ದ ಕಥೆಯನ್ನು ಜನರಿಗೆ ಓದಿಸಿದರು. ಕೋಣೆಯಲ್ಲಿ ಬಣ್ಣದ ಡಬ್ಬಿ, ಗ್ಯಾಸ್ ಸಿಲಿಂಡರ್ ಇದ್ದವು ಎಂದು ಮೊದಲು ತಿಳಿಸಿ, ಆಮೇಲೆ ಕೋಣೆ ಖಾಲಿಯಿತ್ತು ಎಂದು ತಿದ್ದಿದರು. ಓದಿದವರಿಗೆ ಆ ತಿದ್ದುಪಡಿ ನೆನಪಿತ್ತು. ಆದರೂ ಹೊಗೆ ಯಾಕೆ ಅಷ್ಟು ದಟ್ಟವಾಗಿತ್ತು ಎಂದು ಕೇಳಿದರೆ ಬಣ್ಣ, ಗ್ಯಾಸ್ ಎಂದೇ ಉತ್ತರಿಸುತ್ತಿದ್ದರು. ದಾಳಿಯೇ ಸುಳ್ಳು ಎಂದು ಗೊತ್ತಾದ ಮೇಲೂ 'ಆ ಜನ ಅಂಥವರೇ' ಎಂಬ ಅನಿಸಿಕೆ ಉಳಿದುಬಿಡುವುದು ಹೀಗೆಯೇ.

ಜರ್ಮನಿಯ ಯಹೂದಿ ಗಾಯಕ ಗಿಲ್ ಓಫಾರಿಮ್ 2021ರ ಅಕ್ಟೋಬರ್‌ನಲ್ಲಿ ವೀಡಿಯೊ ಹಾಕಿದರು. ಲೈಪ್ಜಿಗ್‌ನ ಹೋಟೆಲೊಂದರ ನೌಕರ, ಕೊರಳಲ್ಲಿದ್ದ, ಯಹೂದಿಗಳ ಗುರುತಾದ ದಾವೀದನ ನಕ್ಷತ್ರದ ಪದಕ ತೆಗೆದರೆ ಮಾತ್ರ ಕೋಣೆ ಕೊಡುತ್ತೇನೆ ಎಂದ ಎಂದು ಆರೋಪಿಸಿದರು. ನೂರಾರು ಜನ ಹೋಟೆಲ್ ಮುಂದೆ ಸೇರಿದರು. ನೌಕರನಿಗೆ ಬೆದರಿಕೆಗಳು ಬಂದವು. ಎರಡು ವರ್ಷ ಆ ಆರೋಪ ಹೊತ್ತು ಬದುಕಿದ. 2023ರ ನವೆಂಬರ್‌ನಲ್ಲಿ ಗಾಯಕ ಕೋರ್ಟಿನಲ್ಲಿ ಆರೋಪ ಸುಳ್ಳು ಎಂದು ಒಪ್ಪಿ ಕ್ಷಮೆ ಕೇಳಿದರು. ಯಹೂದಿ ಸಂಘಟನೆಗಳಿಗೆ ಆಗಿದ್ದ ನೋವು ಬೇರೆ ಬಗೆಯದು. ಯಹೂದಿ ದ್ವೇಷವನ್ನು ದಿನವೂ ಎದುರಿಸುವವರ ಮಾತನ್ನೇ ಇನ್ನು ಜನ ನಂಬಲಿಕ್ಕಿಲ್ಲ ಎಂಬುದು ಅವರ ಆತಂಕ. ಆ ಆತಂಕಕ್ಕೆ ಆಧಾರವಿದೆ. ನಾಟಕೀಯವಾದದ್ದು ನೆನಪಿಗೆ ಬೇಗ ಬರುತ್ತದೆ. ಬೇಗ ನೆನಪಾದದ್ದನ್ನು ನಾವು ಹೆಚ್ಚು ನಡೆಯುವಂಥದ್ದು ಎಂದು ಎಣಿಸುತ್ತೇವೆ. ಮನಶ್ಶಾಸ್ತ್ರಜ್ಞರಾದ ಡೇನಿಯಲ್ ಕಾಹ್ನೆಮನ್ ಮತ್ತು ಆಮೋಸ್ ಟ್ವೆರ್ಸ್ಕಿ ಇದನ್ನು 1973ರಲ್ಲೇ ತೋರಿಸಿದ್ದರು. ಬಯಲಾದ ಒಂದು ಸುಳ್ಳು ನೆನಪಿನಲ್ಲಿ ಉಳಿಯುತ್ತದೆ, ದಾಖಲಾದ ಸಾವಿರಾರು ನಿಜಗಳು ಉಳಿಯುವುದಿಲ್ಲ.

ಹಾಗಾದರೆ ದೂರು ಬಂದಾಗ ಏನು ಮಾಡಬೇಕು? ಆರೈಕೆ ಮತ್ತು ತೀರ್ಪು ಎರಡನ್ನೂ ಒಟ್ಟಿಗೆ ಕೊಡಬೇಕಿಲ್ಲ. ದೂರು ಕೊಟ್ಟವರಿಗೆ ಆ ಕ್ಷಣವೇ ರಕ್ಷಣೆ, ಚಿಕಿತ್ಸೆ, ಗೌರವ ಸಿಗಬೇಕು. ಪೊಲೀಸರು ಎಲ್ಲವನ್ನೂ ಅವರ ಮಾತಿನಲ್ಲೇ ಕೇಳಿ ಬರೆದುಕೊಳ್ಳಬೇಕು, ಕ್ಯಾಮೆರಾ ದೃಶ್ಯಗಳನ್ನು ಅಳಿಸುವ ಮೊದಲೇ ಪಡೆಯಬೇಕು. ಯಾರು ಮಾಡಿದರು ಎಂಬ ತೀರ್ಮಾನ ಮಾತ್ರ ಕಾಯಲಿ. ನಾಯಕರೂ ಪತ್ರಿಕೆಗಳೂ ಎರಡು ದಿನ ತಡೆದರೆ ನಿಜವಾದ ನೊಂದವರಿಗೆ ಏನೂ ನಷ್ಟವಿಲ್ಲ. ತನಿಖೆ ಗಟ್ಟಿಯಾದಷ್ಟೂ ಅವರ ಪ್ರಕರಣವೂ ಗಟ್ಟಿಯಾಗುತ್ತದೆ.

ಸುಳ್ಳು ಹೇಳಿದವರಿಗೆ ಶಿಕ್ಷೆ ಬೇಕು ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಅದು ಭಯಂಕರವಾಗಿರಬೇಕು ಎನ್ನುವವರ ಜೊತೆ ನಾನಿಲ್ಲ. ಶಿಕ್ಷೆ ದೊಡ್ಡದಾದಷ್ಟೂ, ಒಮ್ಮೆ ಸುಳ್ಳು ಹೇಳಿದವರು ಬೇಗ ಹಿಂದೆ ಸರಿಯುವುದಿಲ್ಲ. ಅಷ್ಟರಲ್ಲಿ ಯಾರೋ ನಿರಪರಾಧಿ ಜೈಲಿಗೆ ಹೋಗಿರಬಹುದು. ಜೊತೆಗೆ, ಸಾಕ್ಷಿ ಸಿಗದ ನಿಜವಾದ ದೂರುದಾರರೂ ತಮ್ಮನ್ನೇ ಸುಳ್ಳುಗಾರರು ಎಂದು ಹಿಡಿದರೆ ಗತಿಯೇನು ಎಂದು ಹೆದರಿ ಮನೆಯಲ್ಲೇ ಉಳಿಯುತ್ತಾರೆ. ಪ್ಯಾರಿಸ್‌ನ ಯುವತಿಗೆ ಸಿಕ್ಕಿದ್ದು ನಾಲ್ಕು ತಿಂಗಳ ಅಮಾನತು ಶಿಕ್ಷೆ (ಮತ್ತೆ ತಪ್ಪು ಮಾಡಿದರೆ ಮಾತ್ರ ಜೈಲು) ಮತ್ತು ಮಾನಸಿಕ ಚಿಕಿತ್ಸೆಯ ಆದೇಶ. ಅದು ಕಡಿಮೆಯಾಯಿತು ಎಂದು ಆಗ ಅನಿಸಿದವರು ಇದ್ದಿರಬಹುದು. ನನಗೆ ಸರಿಯೆನಿಸುತ್ತದೆ. ಆಕೆ ನಾಲ್ಕೇ ದಿನಕ್ಕೆ ಒಪ್ಪಿಕೊಂಡಳು, ಆಕೆ ಹೇಳಿದ ಆರು ಹುಡುಗರ ಹೆಸರಿನಲ್ಲಿ ಯಾರೂ ಕೋರ್ಟಿನ ಕಟಕಟೆ ಹತ್ತಲಿಲ್ಲ.