‘ಡೂ ದ ನೀಡ್‌ಫುಲ್’ ನಮ್ಮ ಮೇಜಿಗೆ ಬಂದ ದಾರಿ

ಮುಂಬೈ ಪಕ್ಕದ ಐರೋಲಿಯ ಕಂಪನಿಯೊಂದರಲ್ಲಿ ಕೆಲಸ ಮಾಡುವ ನನ್ನ ತಂಗಿಯ ಮಗಳು ಕಳೆದ ತಿಂಗಳು ಫೋನ್ ಮಾಡಿದ್ದಳು. ಲಂಡನ್ ಆಫೀಸಿಗೆ ಒಂದು ಇಮೇಲ್ ಕಳಿಸಿದ್ದಳಂತೆ. ವಿಷಯವನ್ನೆಲ್ಲ ಬರೆದು ಕೊನೆಗೆ ‘ಕೈಂಡ್ಲಿ ಡೂ ದ ನೀಡ್‌ಫುಲ್’ ಎಂದು ಮುಗಿಸಿದ್ದಳು, ಅಂದರೆ ‘ದಯವಿಟ್ಟು ಅಗತ್ಯವಾದದ್ದನ್ನು ಮಾಡಿ’. ಅಲ್ಲಿಂದ ಒಂದೇ ಸಾಲಿನ ಉತ್ತರ ಬಂತು: ನಾನು ಏನು ಮಾಡಬೇಕು ಅಂತ ಹೇಳಿ.

“ಮಾವ, ಇದರಲ್ಲಿ ತಪ್ಪೇನಿದೆ? ನಮ್ಮ ಆಫೀಸಲ್ಲಿ ಎಲ್ಲರೂ ಹೀಗೇ ಬರೀತಾರಲ್ವಾ?” ಎಂದು ಕೇಳಿದಳು.

ವ್ಯಾಕರಣದ ತಪ್ಪು ಏನೂ ಇಲ್ಲ. ಆದರೆ ಲಂಡನ್ನಿನವರ ಪ್ರಶ್ನೆಯೂ ಸರಿಯೇ. ಅವಳಿಗೆ ಬೇಕಾಗಿದ್ದದ್ದು ಒಂದು ಬಿಲ್ಲಿನ ಮೇಲೆ ಸಹಿ. ಆ ಮಾತು ಇಮೇಲ್‌ನಲ್ಲಿ ಎಲ್ಲೂ ಇರಲಿಲ್ಲ. ಇಷ್ಟು ಓದಿದ ಹುಡುಗಿ, ಬೇಕಾದದ್ದನ್ನು ನೇರವಾಗಿ ಕೇಳದೆ ಮರ್ಯಾದೆಯ ಮಾತಿನೊಳಗೆ ಮುಚ್ಚಿಟ್ಟಿದ್ದಳು. ಈ ಅಭ್ಯಾಸ ಅವಳದಲ್ಲ. ಅದು ಸುಮಾರು ಇನ್ನೂರು ವರ್ಷದಿಂದ ಈ ಮುಂಬೈಯಲ್ಲಿ ಕೈಯಿಂದ ಕೈಗೆ ದಾಟಿ ಬಂದದ್ದು.

ಇಂಗ್ಲಿಷನ್ನು ಮೆಕಾಲೆ ನಮ್ಮ ಮೇಲೆ ಹೇರಿದ ಎಂದು ಸುಲಭವಾಗಿ ಹೇಳಿಬಿಡುತ್ತೇವೆ. ಮುಂಬೈ ಮಟ್ಟಿಗೆ ಆ ಮಾತು ಪೂರ್ತಿ ನಿಜವಲ್ಲ. ಭಾರತೀಯರಿಗೆ ಇಂಗ್ಲಿಷ್ ವಿದ್ಯೆ ಕೊಡಬೇಕೆಂದ ಬ್ರಿಟಿಷ್ ಅಧಿಕಾರಿ ಮೆಕಾಲೆಯ ಟಿಪ್ಪಣಿ ಬಂದದ್ದು 1835ರಲ್ಲಿ. ಅದಕ್ಕೂ ಎಂಟು ವರ್ಷ ಮೊದಲು, 1827ರಲ್ಲಿ, ಗವರ್ನರ್ ಎಲ್ಫಿನ್‌ಸ್ಟನ್ ಊರಿಗೆ ಹೊರಟಾಗ ಮುಂಬೈಯ ಜನ ಅವನ ನೆನಪಿಗೆಂದು ಹಣ ಕೂಡಿಸಿದರು. ಎರಡು ಲಕ್ಷಕ್ಕೂ ಹೆಚ್ಚು ರೂಪಾಯಿ ಸೇರಿತು. ಆ ಹಣದಲ್ಲಿ ಮಾಡಬೇಕೆಂದದ್ದು ಇಂಗ್ಲಿಷ್ ಭಾಷೆ ಮತ್ತು ಯುರೋಪಿನ ವಿದ್ಯೆ ಕಲಿಸುವ ಪ್ರಾಧ್ಯಾಪಕರ ನೇಮಕ. ಎಲ್ಫಿನ್‌ಸ್ಟನ್ ಕಾಲೇಜು ಬೆಳೆದದ್ದು ಅದರಿಂದಲೇ. ಈ ಊರಿನ ಅನುಕೂಲಸ್ಥರು ಇಂಗ್ಲಿಷನ್ನು ಕೇಳಿ ತರಿಸಿಕೊಂಡರು. ಬಂದರು, ವ್ಯಾಪಾರ, ಕೋರ್ಟು ಎಲ್ಲ ಅದರಲ್ಲೇ ನಡೆಯುತ್ತದೆ ಎಂಬುದು ಅವರಿಗೆ ಗೊತ್ತಿತ್ತು.

1857ರಲ್ಲಿ ಮುಂಬೈ ವಿಶ್ವವಿದ್ಯಾಲಯ ಬಂತು, 1859ರಲ್ಲಿ ಅದರ ಮೊದಲ ಮ್ಯಾಟ್ರಿಕ್ ಪರೀಕ್ಷೆ. ಧಾರವಾಡ, ಬೆಳಗಾವಿ, ವಿಜಯಪುರದ ಕನ್ನಡ ಹುಡುಗರ ಮ್ಯಾಟ್ರಿಕ್ ಕೂಡ ಇದೇ ವಿಶ್ವವಿದ್ಯಾಲಯದ್ದು. ಉತ್ತರ ಕನ್ನಡ ಜಿಲ್ಲೆ 1862ರಲ್ಲಿ ಮದ್ರಾಸಿನಿಂದ ಮುಂಬೈ ಪ್ರಾಂತ್ಯಕ್ಕೆ ಸೇರಿದ ಮೇಲೆ ಕಾರವಾರ, ಕುಮಟಾದವರಿಗೂ ಅದೇ ದಾರಿ. ಹಾಗೆ ಇಂಗ್ಲಿಷ್ ಪಾಸಾದವನಿಗೆ ಸಿಗುತ್ತಿದ್ದದ್ದು ಹೆಚ್ಚಾಗಿ ಗುಮಾಸ್ತೆ ಕೆಲಸ. ಗುಮಾಸ್ತೆಯ ಇಂಗ್ಲಿಷ್ ಎಂದರೆ ಕಾಗದದ ಇಂಗ್ಲಿಷ್. ನನ್ನ ಪ್ರಕಾರ ಗಂಟು ಬಿದ್ದದ್ದು ಇಲ್ಲೇ.

ಆ ಕಾಲದ ಆಫೀಸು ಕಾಗದಗಳಿಗೆ ಒಂದು ಸಿದ್ಧ ಅಚ್ಚು ಇತ್ತು. ಶುರುವಾಗುವುದು ‘ಐ ಬೆಗ್ ಟು ಸ್ಟೇಟ್’ ಎಂದು. ಬೇಡಿಕೊಂಡು ಹೇಳುತ್ತೇನೆ ಎಂದರ್ಥ. ತಾರೀಖು ಹಾಕುವಾಗ ಈ ತಿಂಗಳಿಗೆ ‘ಇನ್‌ಸ್ಟಂಟ್’, ಹೋದ ತಿಂಗಳಿಗೆ ‘ಅಲ್ಟಿಮೊ’, ಬರುವ ತಿಂಗಳಿಗೆ ‘ಪ್ರಾಕ್ಸಿಮೊ’. ಮುಗಿಯುವುದು ‘ಯುವರ್ ಮೋಸ್ಟ್ ಒಬೀಡಿಯಂಟ್ ಸರ್ವೆಂಟ್’ ಎಂದು, ಅಂದರೆ ‘ತಮ್ಮ ಅತಿ ವಿಧೇಯ ಸೇವಕ’. ಇದ್ಯಾವುದೂ ನಮ್ಮವರು ಹುಟ್ಟಿಸಿದ್ದಲ್ಲ. ಇಂಗ್ಲೆಂಡಿನ ವ್ಯಾಪಾರಿಗಳೂ ಅಧಿಕಾರಿಗಳೂ ಹೀಗೇ ಬರೆಯುತ್ತಿದ್ದರು. ‘ಡೂ ದ ನೀಡ್‌ಫುಲ್’ ಕೂಡ ಅವರದೇ. ಅಲ್ಲಿನ ಆಡುಮಾತಿನಲ್ಲಿ ‘ದ ನೀಡ್‌ಫುಲ್’ ಎಂದರೆ ದುಡ್ಡು ಎಂಬ ಅರ್ಥವೂ ಇತ್ತು. ಇಪ್ಪತ್ತನೇ ಶತಮಾನದಲ್ಲಿ ಅವರು ಈ ಅಚ್ಚನ್ನು ಮೆಲ್ಲಗೆ ಕೈಬಿಟ್ಟರು. ನಾವು ಬಿಡಲಿಲ್ಲ.

ಯಾಕೆ ಬಿಡಲಿಲ್ಲ? ನಮಗೆ ಇಂಗ್ಲಿಷ್ ಮನೆಯ ಮಾತಾಗಿರಲಿಲ್ಲ. ಅಡುಗೆಮನೆಯಲ್ಲೂ ಓಣಿಯಲ್ಲೂ ಆಡುವ ಭಾಷೆ ದಿನವೂ ಬದಲಾಗುತ್ತದೆ. ಬಾಯಿಪಾಠ ಮಾಡಿದ್ದು ಹಾಗೇ ಉಳಿಯುತ್ತದೆ. ಸೊಹ್ರಾಬ್ ದಾವರ್ 1900ರಲ್ಲಿ ಮುಂಬೈಯಲ್ಲಿ ವಾಣಿಜ್ಯದ ಕಾಲೇಜು ತೆರೆದರು. ಆಮೇಲೆ ಟೈಪಿಂಗ್, ಶಾರ್ಟ್‌ಹ್ಯಾಂಡ್ ಕ್ಲಾಸುಗಳು ಗಲ್ಲಿಗಲ್ಲಿಗೆ ಬಂದವು. ಅಲ್ಲಿ ಬೆರಳಿಗೆ ವೇಗ ಬರಲೆಂದು ಅದದೇ ಮಾದರಿ ಪತ್ರವನ್ನು ಮತ್ತೆ ಮತ್ತೆ ಹೊಡೆಸುತ್ತಿದ್ದರು. ನಾನೂ ಹೊಡೆದಿದ್ದೇನೆ. ನಿಮಿಷಕ್ಕೆ 40 ಪದದ ಪರೀಕ್ಷೆಗೆ ತಯಾರಾಗುವಾಗ ‘ವಿತ್ ರೆಫರೆನ್ಸ್ ಟು ಯುವರ್ ಲೆಟರ್’ ಎಂಬುದನ್ನು ಕಣ್ಣು ಮುಚ್ಚಿ ಹೊಡೆಯಬಲ್ಲವನಾಗಿದ್ದೆ. ಬರೆಯಲು ಬಾರದವರಿಗೆ ಜಿಪಿಒ (ಮುಖ್ಯ ಅಂಚೆ ಕಚೇರಿ) ಎದುರು ಕೂರುವ ಪತ್ರ ಬರೆಯುವವರಿದ್ದರು. ಅರ್ಜಿಯ ಅಚ್ಚು ಅವರ ಬಳಿಯೂ ಇತ್ತು.

ನನ್ನ ಅಪ್ಪ ಕುಂದಾಪುರದ ಕಡೆಯವರು. ನಾಲ್ಕನೇ ಕ್ಲಾಸು ಮುಗಿಸಿ ಮುಂಬೈಯ ಫೋರ್ಟ್ ಪ್ರದೇಶದ ಹೋಟೆಲಿಗೆ ಗ್ಲಾಸು ತೊಳೆಯಲು ಬಂದವರು. ಅಂಥ ಹುಡುಗರಿಗಾಗಿ ಮೊಗವೀರರು, ಬಿಲ್ಲವರು, ಬಂಟರು ತಮ್ಮ ತಮ್ಮ ಸಂಘಗಳಿಂದ ಈ ಊರಿನಲ್ಲಿ ಕನ್ನಡ ರಾತ್ರಿ ಶಾಲೆಗಳನ್ನು ನಡೆಸಿದರು. ಮುಂಬೈ ಕನ್ನಡಿಗರು ಮಾಡಿದ ದೊಡ್ಡ ಕೆಲಸ ಯಾವುದು ಎಂದು ಯಾರಾದರೂ ಕೇಳಿದರೆ ನಾನು ಮೊದಲು ಹೇಳುವುದು ಇದನ್ನೇ. ಹಗಲು ಸಪ್ಲಾಯರ್, ರಾತ್ರಿ ವಿದ್ಯಾರ್ಥಿ. ಎಷ್ಟೋ ಜನ ಹಾಗೆ ಓದಿ ಬ್ಯಾಂಕು ಸೇರಿದರು, ವಕೀಲರಾದರು. ಅಪ್ಪ ಗಲ್ಲಾಪೆಟ್ಟಿಗೆಯವರೆಗೆ ಬಂದರು. ಅವರ ಒಂದು ನೋಟ್‌ಪುಸ್ತಕ ನನ್ನ ಬಳಿ ಇದೆ. ರಜೆ ಅರ್ಜಿಯ ಮೊದಲ ಎರಡು ಸಾಲಿನ ‘ಬೆಗ್’ಗಳನ್ನು ಮೇಷ್ಟ್ರು ಕೆಂಪು ಶಾಯಿಯಲ್ಲಿ ಹೊಡೆದುಹಾಕಿದ್ದಾರೆ. ಪಕ್ಕದಲ್ಲಿ ಕನ್ನಡದಲ್ಲೇ ಬರೆದಿದ್ದಾರೆ: ಎಷ್ಟು ದಿನ? ಯಾಕೆ? ಅಷ್ಟು ಹೇಳು ಸಾಕು.

ತಪ್ಪುಗಳನ್ನು ಪಟ್ಟಿ ಮಾಡಿದವರೂ ಈ ಪ್ರಾಂತ್ಯದವರೇ. ಮುಂಬೈ ಸಿವಿಲ್ ಸರ್ವೀಸಿನಲ್ಲಿದ್ದ ಜಾರ್ಜ್ ವಿಟ್‌ವರ್ತ್, ಭಾರತೀಯರು ಇಂಗ್ಲಿಷ್ ಬರೆಯುವಾಗ ನುಡಿಗಟ್ಟಿನಲ್ಲಿ ಎಲ್ಲೆಲ್ಲಿ ಎಡವುತ್ತಾರೆ ಎಂದು 1907ರಲ್ಲಿ ಒಂದು ಪುಸ್ತಕವನ್ನೇ ತಂದ. ಇನ್ನು ‘ರೆನ್ ಅಂಡ್ ಮಾರ್ಟಿನ್’ ಗೊತ್ತಿಲ್ಲದ ಮನೆ ಯಾವುದು? ಆ ರೆನ್, ಅಂದರೆ ಪಿ. ಸಿ. ರೆನ್, ಮುಂಬೈ ಪ್ರಾಂತ್ಯದ ಶಿಕ್ಷಣ ಇಲಾಖೆಯಲ್ಲಿದ್ದವನು. ಆಮೇಲೆ ಸಾಹಸದ ಕಾದಂಬರಿಗಳಿಂದ ಹೆಸರಾದ. ಆ ವ್ಯಾಕರಣ 1930ರ ದಶಕದಲ್ಲಿ ಹೊರಬಂತು. ಅದರ ಹಕ್ಕು ಇರುವುದೂ ಮುಂಬೈಯ ಮಾಣೆಕ್‌ಜಿ ಕೂಪರ್ ಎಜುಕೇಶನ್ ಟ್ರಸ್ಟ್ ಬಳಿ.

ಆದರೆ ಕನ್ನಡಿಗ ಯಾಕೆ ಅಲ್ಲೇ ಎಡವುತ್ತಾನೆ ಎಂಬುದನ್ನು ಈ ಪುಸ್ತಕಗಳು ಹೇಳುವುದಿಲ್ಲ. ಅದಕ್ಕೆ ನಮ್ಮ ಕನ್ನಡವನ್ನೇ ನೋಡಬೇಕು. ನಾವು ‘ಅದರ ಬಗ್ಗೆ ಚರ್ಚೆ ಮಾಡೋಣ’ ಅನ್ನುತ್ತೇವೆ. ಹಾಗಾಗಿ ‘ಡಿಸ್ಕಸ್ ಅಬೌಟ್’ ಎಂದುಬಿಡುತ್ತೇವೆ. ಇಂಗ್ಲಿಷಿನ ‘ಡಿಸ್ಕಸ್’ಗೆ ಆ ‘ಬಗ್ಗೆ’ ಬೇಡ, ಅದರ ಹೊಟ್ಟೆಯಲ್ಲೇ ಇದೆ. ‘ಅವನಿಗೇ ಹೇಳಿದೆ’ ಎಂಬಲ್ಲಿನ ‘ಏ’ ಒಂದೇ ಅಕ್ಷರ. ಅದನ್ನು ಇಂಗ್ಲಿಷಿಗೆ ಒಯ್ಯಲು ದಾರಿ ಕಾಣದೆ ‘ಐ ಟೋಲ್ಡ್ ಹಿಮ್ ಓನ್ಲಿ’ ಅನ್ನುತ್ತೇವೆ. ಇಂಗ್ಲಿಷಿನವರು ಅದೇ ಒತ್ತನ್ನು ದನಿಯಲ್ಲಿ ಕೊಡುತ್ತಾರೆ. ಚಿಕ್ಕಪ್ಪನ ಮಗ ನಮಗೆ ಅಣ್ಣನೋ ತಮ್ಮನೋ ಆಗುತ್ತಾನೆ. ಬರೀ ‘ಕಸಿನ್’ ಎಂದರೆ ಗಂಡೋ ಹೆಣ್ಣೋ ಗೊತ್ತಾಗುವುದಿಲ್ಲ, ಪ್ರೀತಿಯೂ ಕಾಣುವುದಿಲ್ಲ. ಅದಕ್ಕೇ ‘ಕಸಿನ್ ಬ್ರದರ್’. ಇದನ್ನು ತಪ್ಪು ಎನ್ನಲು ನನಗೆ ಮನಸ್ಸಿಲ್ಲ. ಅದು ಇಂಗ್ಲಿಷಿನಲ್ಲಿ ಇಲ್ಲದ ಒಂದು ಅರ್ಥವನ್ನು ಹೇಳುತ್ತದೆ.

‘ಪ್ರಿಪೋನ್’ ಬಗ್ಗೆಯೂ ಹಾಗೆಯೇ. ಇದು ನಮ್ಮವರ ತಪ್ಪು ಎಂದು ನಗುವವರಿದ್ದಾರೆ. ಮುಂದೂಡುವುದಕ್ಕೆ ‘ಪೋಸ್ಟ್‌ಪೋನ್’ ಇದೆಯಲ್ಲ, ಹಿಂದಕ್ಕೆ ತರುವುದಕ್ಕೆ ಒಂದು ಪದ ಬೇಡವೇ ಎಂದು 1913ರಲ್ಲೇ ನ್ಯೂಯಾರ್ಕಿನ ಪತ್ರಿಕೆಯೊಂದಕ್ಕೆ ಓದುಗನೊಬ್ಬ ಬರೆದು ಈ ಪದವನ್ನೇ ಸೂಚಿಸಿದ್ದ. ಆಕ್ಸ್‌ಫರ್ಡ್ ನಿಘಂಟಿನಲ್ಲೂ ಈಗ ಅದಿದೆ. ಕೆಲಸಕ್ಕೆ ಬರುವ, ಕೇಳಿದೊಡನೆ ಅರ್ಥವಾಗುವ ಪದ. ನಾನು ಧೈರ್ಯವಾಗಿ ಬಳಸುತ್ತೇನೆ. ಎಚ್ಚರದಿಂದ ಬರೆಯುವುದು ಎಂದರೆ ಲಂಡನ್ನಿನವರಂತೆ ಬರೆಯುವುದು ಎಂದು ನಾನು ಎಂದೂ ಅಂದುಕೊಂಡಿಲ್ಲ. ಓದುವವನಿಗೆ ವಿಷಯ ಸಿಗಬೇಕು. ‘ಪ್ರಿಪೋನ್’ನಲ್ಲಿ ಸಿಗುತ್ತದೆ, ‘ನೀಡ್‌ಫುಲ್’ನಲ್ಲಿ ಸಿಗುವುದಿಲ್ಲ.

ಸರ್ಕಾರಗಳ ಮನಸ್ಸು ಬದಲಾದ ಕಥೆ ಚಿಕ್ಕದಾಗಿ ಹೇಳುತ್ತೇನೆ. ಸ್ವಾತಂತ್ರ್ಯ ಬಂದ ಹೊಸದರಲ್ಲಿ ಬಿ. ಜಿ. ಖೇರ್ ಸರ್ಕಾರ ಇಂಗ್ಲಿಷನ್ನು ಎಂಟನೇ ತರಗತಿಗೆ ತಳ್ಳಿತು. ಆಗ ಧಾರವಾಡ, ಬೆಳಗಾವಿಯೂ ಮುಂಬೈ ರಾಜ್ಯದಲ್ಲೇ ಇದ್ದವು. ಅಲ್ಲಿ ಏಳನೆಯದಕ್ಕೆ ಶಾಲೆ ಬಿಟ್ಟು ಇಲ್ಲಿಗೆ ಬಂದ ಹುಡುಗನಿಗೆ ಎ ಬಿ ಸಿ ಡಿಯೂ ರಾತ್ರಿ ಶಾಲೆಯಲ್ಲೇ ಆಗಬೇಕಿತ್ತು. 1954ರಲ್ಲಿ ಸರ್ಕಾರ ಇನ್ನೂ ಮುಂದೆ ಹೋಯಿತು. ಆಂಗ್ಲೋ ಇಂಡಿಯನ್ನರು ಮತ್ತು ಏಷ್ಯಾದ ಮೂಲದವರಲ್ಲದವರನ್ನು ಬಿಟ್ಟು ಬೇರೆ ಮಕ್ಕಳನ್ನು ಇಂಗ್ಲಿಷ್ ಮಾಧ್ಯಮದ ಶಾಲೆಗೆ ಸೇರಿಸಬಾರದು ಎಂದು ಆದೇಶಿಸಿತು. ದೇವಳಾಲಿಯ ಬಾರ್ನ್ಸ್ ಹೈಸ್ಕೂಲು ನಡೆಸುತ್ತಿದ್ದ ಸಂಸ್ಥೆ ಕೋರ್ಟಿಗೆ ಹೋಯಿತು. ಅದೇ ವರ್ಷ ಸುಪ್ರೀಂ ಕೋರ್ಟು ಆ ಆದೇಶವನ್ನು ತಳ್ಳಿಹಾಕಿತು. 2000ದಲ್ಲಿ ಮಹಾರಾಷ್ಟ್ರ ಒಂದನೇ ತರಗತಿಯಿಂದಲೇ ಇಂಗ್ಲಿಷ್ ಶುರು ಮಾಡಿತು.

ಈಗ ಮಾತು ಎಲ್ಲರಿಗೂ ಬರುತ್ತದೆ. ಸ್ಪೀಕಿಂಗ್ ಕ್ಲಾಸುಗಳಿಗೆ ಕೊರತೆಯಿಲ್ಲ. ಕೊರತೆ ಇರುವುದು ನೋಟ್‌ಪುಸ್ತಕದಲ್ಲಿ ‘ಎಷ್ಟು ದಿನ? ಯಾಕೆ?’ ಎಂದು ಕೆಂಪು ಶಾಯಿಯಲ್ಲಿ ಕೇಳುವವರದು. ನನಗೆ ಇಂಗ್ಲಿಷ್ ಮೇಲೆ ಪ್ರೀತಿ ಹುಟ್ಟಿದ್ದು ಅಪ್ಪನ ಆ ಪುಟಗಳಿಂದ. ಹೊಸ ಭಾಷೆಯಲ್ಲಿ ಒಂದು ಸಾಲು ಸರಿಯಾಗಿ ಕೂತಾಗ ಆಗುವ ಖುಷಿಯನ್ನು ಆ ಅಕ್ಷರಗಳಲ್ಲೇ ಕಾಣಬಹುದು. ಸರಿಯಾದ ಸಾಲುಗಳನ್ನು ಅವರು ಎರಡೆರಡು ಸಲ ಬರೆದಿದ್ದಾರೆ.

ತಂಗಿಯ ಮಗಳಿಗೆ ಅಂದು ಒಂದೇ ಮಾತು ಹೇಳಿದೆ. ಮೊದಲು ಕನ್ನಡದಲ್ಲಿ ನನಗೆ ಹೇಳು, ಅವರಿಂದ ನಿನಗೆ ಏನು ಬೇಕು? “ಬಿಲ್ಲಿಗೆ ಸಹಿ ಹಾಕಿ ಗುರುವಾರದೊಳಗೆ ಕಳಿಸಬೇಕು ಮಾವ” ಅಂದಳು. ಅದನ್ನೇ ಇಂಗ್ಲಿಷಿನಲ್ಲಿ ಬರೆ ಎಂದೆ. ಮುಂದೆ ‘ಪ್ಲೀಸ್’ ಒಂದು ಸೇರಿಸಿದಳು, ಮರ್ಯಾದೆಗೆ ಅಷ್ಟು ಸಾಕಾಯಿತು.

ಡೊಂಬಿವಲಿಯ ನಮ್ಮ ಮನೆಯಲ್ಲಿ ಭಾನುವಾರ ಬೆಳಿಗ್ಗೆ ಬಿಲ್ಡಿಂಗಿನ ಐದಾರು ಮಕ್ಕಳು ಬಂದು ಕೂರುತ್ತಾರೆ. ಹೋದ ವಾರ ಪೂರ್ತಿ ‘ಎ’ ಮತ್ತು ‘ದ’ಕ್ಕೇ ಹೋಯಿತು. ಕನ್ನಡದಲ್ಲಿ ಇವೆರಡಕ್ಕೂ ಸರಿಸಮನಾದ ಪದ ಇಲ್ಲವಲ್ಲ, ಕಷ್ಟ ಜಾಸ್ತಿ. ಲೋಕಕ್ಕೆಲ್ಲ ಸೂರ್ಯ ಒಬ್ಬನೇ ಇರುವುದರಿಂದ ‘ದ ಸನ್’ ಎಂದು ಹೇಳಿಕೊಟ್ಟೆ. ಆರನೇ ಕ್ಲಾಸಿನ ಹುಡುಗಿಯೊಬ್ಬಳು ಕೈ ಎತ್ತಿದಳು.

“ಹಾಗಾದ್ರೆ ಮನೆಗೆ ಅಮ್ಮನೂ ಒಬ್ಬಳೇ ಅಲ್ವಾ ಅಂಕಲ್? ‘ದ ಮದರ್’ ಅಂತ ಯಾಕೆ ಕರೆಯಲ್ಲ?”

ಈ ಭಾನುವಾರ ಅಲ್ಲಿಂದಲೇ ಶುರು ಮಾಡುತ್ತೇವೆ.