ನಂದಿಬೆಟ್ಟದ ತೋಟ ಮಂಜನ್ನು ಸೋಸುವ ಬಗೆ

ಮಂಜು ಕವಿದ ಬೆಳಗ್ಗೆ ನಂದಿಬೆಟ್ಟದ ಮರಗಳ ಕೆಳಗೆ ನಿಂತರೆ, ಮಳೆ ಇಲ್ಲದಿದ್ದರೂ ತಲೆಯ ಮೇಲೆ ಹನಿ ತೊಟ್ಟಿಕ್ಕುತ್ತದೆ. ಮರಗಳೇ ಮೋಡವನ್ನು ಸೆಳೆದು ತರುತ್ತವೆ ಎಂಬ ಮಾತು ಚಿಕ್ಕಬಳ್ಳಾಪುರದ ಕಡೆ ಕೇಳಿಬರುವುದು ಇದರಿಂದಲೇ ಇರಬೇಕು. ಆದರೆ ಮೋಡವನ್ನು ಕಟ್ಟುವುದು ಮರವಲ್ಲ, ಬೆಟ್ಟ. ಸಮುದ್ರಮಟ್ಟದಿಂದ 1,478 ಮೀಟರ್ ಎತ್ತರದ ಈ ಬಂಡೆಗೆ ತಡೆದ ಬಯಲಿನ ಗಾಳಿ ಮೇಲೇರುತ್ತ ಹಿಗ್ಗಿ ತಣ್ಣಗಾಗುತ್ತದೆ; ಅದರೊಳಗಿನ ನೀರಾವಿ ಹನಿಗಟ್ಟುತ್ತದೆ.

ಮರದ ಕೆಲಸ ಆರಂಭವಾಗುವುದು ಆಮೇಲೆ. ಮಂಜಿನ ಹನಿ ಸಾಮಾನ್ಯವಾಗಿ ಮಿಲಿಮೀಟರಿನ ನೂರರಲ್ಲಿ ಒಂದೆರಡು ಪಾಲಿನಷ್ಟಿದ್ದು, ಗಾಳಿಯೊಡನೆ ತೇಲಿ ಹೋಗುತ್ತದೆ. ಅಗಲವಾದ ಎಲೆ ಎದುರಾದರೆ ಗಾಳಿ ದೂರದಿಂದಲೇ ಮೆಲ್ಲಗೆ ಬಾಗುತ್ತದೆ, ಹನಿಯೂ ಅದರ ಜೊತೆಗೆ ಜಾರಿಕೊಳ್ಳುತ್ತದೆ. ಕಿರಿದಾದ ಎಲೆಯ ಮುಂದಾದರೋ ಗಾಳಿ ತೀರ ಹತ್ತಿರ ಬಂದು ಥಟ್ಟನೆ ಹೊರಳುತ್ತದೆ, ಹನಿ ಹಾಗೆ ಹೊರಳಲಾರದೆ ಎಲೆಗೆ ಬಡಿಯುತ್ತದೆ. ಇದೇ ಬೆಟ್ಟದ ರಸ್ತೆಯ ಕಡಿದಾದ ತಿರುವಿನಲ್ಲಿ ಬಸ್ಸು ಹೊರಳಿದರೂ ನಿಂತವರ ಮೈ ಮೊದಲಿನ ದಿಕ್ಕಿಗೇ ವಾಲುವುದಿಲ್ಲವೇ, ಹಾಗೆ. ಮುಂಜಾನೆ ರಾಗಿ ಹೊಲದ ಜೇಡರಬಲೆಯ ಎಳೆಯೆಳೆಯಲ್ಲೂ ಮಂಜು ಮುತ್ತುಗಟ್ಟಿರುವುದನ್ನು ಕಂಡವರಿಗೆ, ಸಣ್ಣ ಎಳೆ ಎಷ್ಟು ನೀರು ಹಿಡಿಯಬಲ್ಲದೆಂದು ಬಿಡಿಸಿ ಹೇಳಬೇಕಿಲ್ಲ. ಮರ ಮೋಡವನ್ನು ಕರೆಯುವುದಿಲ್ಲ, ಬಾಚುತ್ತದೆ.

ಹೀಗೆ ಬಾಚಬಲ್ಲ ಕಿರಿದಾದ, ಜೋಲುವ ಎಲೆ ನೀಲಗಿರಿಯದು. ಭಾರತಕ್ಕೆ ನೀಲಗಿರಿ ಬಂದದ್ದು ಮೊದಲು ಈ ಬೆಟ್ಟಕ್ಕೇ. 1790ರ ಸುಮಾರಿಗೆ ಟಿಪ್ಪು ಸುಲ್ತಾನ್ ತಮ್ಮ ಅರಮನೆಯ ತೋಟದಲ್ಲಿ ಅದನ್ನು ನೆಡಿಸಿದರೆಂದು ಅರಣ್ಯ ಇತಿಹಾಸಕಾರರು ಬರೆದಿದ್ದಾರೆ. 1791ರ ಅಕ್ಟೋಬರಿನಲ್ಲಿ ಬೆಟ್ಟದ ಮೇಲಿನ ಕೋಟೆ ಬ್ರಿಟಿಷ್ ಗವರ್ನರ್ ಜನರಲ್ ಕಾರ್ನ್‌ವಾಲಿಸನ ಸೇನೆಯ ವಶವಾಯಿತು, ಬೆಟ್ಟ ಮುಂದೆ ಬ್ರಿಟಿಷ್ ಅಧಿಕಾರಿಗಳ ಬೇಸಿಗೆಯ ತಂಗುದಾಣವಾಯಿತು. ಆಳಿದವರು ಬದಲಾದರೂ ತೋಟ ಉಳಿಯಿತು. ಸುತ್ತಲ ಇಳಿಜಾರಿನಲ್ಲಿ ಕುರುಚಲು ಕಾಡಿದ್ದರೂ ನೆತ್ತಿಯ ಮೇಲೆ ಮಾತ್ರ ನಿತ್ಯಹರಿದ್ವರ್ಣದ ಮರಗಳು ದಟ್ಟವಾಗಿ ನಿಂತಿರುವುದಕ್ಕೆ ಈ ಮಂಜೂ ಒಂದು ಕಾರಣ.

ಅದೇ ನೀಲಗಿರಿ ಬಯಲಿಗಿಳಿದು ನೆಡುತೋಪಾಗಿ ಹಬ್ಬಿದಾಗ, ಬಾಚಲು ಮಂಜಿಲ್ಲದ ಕಡೆ ಮಣ್ಣಿನಾಳದ ತೇವವನ್ನೇ ಹೀರಿತು. 2017ರಲ್ಲಿ ರಾಜ್ಯ ಸರ್ಕಾರ ಅದನ್ನು ಹೊಸದಾಗಿ ನೆಡುವುದನ್ನು ನಿಷೇಧಿಸಿತು. ಆ ನಿಷೇಧ ಸರಿಯಾದದ್ದೇ. ಆದರೆ ಅದನ್ನೇ ನೆಪವಾಗಿಸಿ ಬೆಟ್ಟದ ಹಳೆಯ ಮರಗಳಿಗೆ ಕೊಡಲಿ ಇಡುವ ಮಾತು ಯಾರಿಂದಲೂ ಬರಬಾರದು. ಅವುಗಳ ಬುಡದಲ್ಲಿ ತರಗೆಲೆಯನ್ನು ಗುಡಿಸದೆ ಬಿಟ್ಟರೆ ತೊಟ್ಟಿಕ್ಕಿದ ಹನಿ ಮಣ್ಣಿಗೆ ಇಂಗುತ್ತದೆ, ಸಿಮೆಂಟು ಹಾಸಿದರೆ ಚರಂಡಿಗೆ ಹರಿಯುತ್ತದೆ.