ಹುಯೆ ಅರಮನೆಯ ನೀಲಿ ಪಿಂಗಾಣಿ: ಈ ಗೊಂದಲ ಶುರುವಾದದ್ದು ಎಲ್ಲಿ?

‘ಬ್ಲೂ ದ ಹುಯೆ’, ಅಂದರೆ ವಿಯೆಟ್ನಾಮಿನ ಹಳೆಯ ರಾಜಧಾನಿ ಹುಯೆಯ ನೀಲಿ ಪಿಂಗಾಣಿ, ಎಂಬ ಹೆಸರಲ್ಲಿ ಬಟ್ಟಲೊಂದು ಹರಾಜಿಗೆ ಬಂದರೆ ಸಾಕು, ಸಂಗ್ರಾಹಕರ ನಡುವೆ ಮತ್ತೆ ಅದೇ ವಾದ. ಅದು ವಿಯೆಟ್ನಾಮಿನದೋ ಚೀನಾದ್ದೋ? ಅಸಲಿಯೋ ನಕಲಿಯೋ? ಅರಮನೆಯಿಂದ ಹೊರಗೆ ಬಂದದ್ದು ಹೇಗೆ?

ಮೊದಲನೆಯದಕ್ಕೆ ಉತ್ತರ ಕೊಡುವುದು ಸುಲಭ. ಬೇಡಿಕೆ ವಿಯೆಟ್ನಾಂ ಆಸ್ಥಾನದ್ದು, ಸುಟ್ಟದ್ದು ಹೆಚ್ಚಾಗಿ ಚೀನಾದ ಜಿಂಗ್‌ದೆಝೆನ್‌ನ ಭಟ್ಟಿಗಳಲ್ಲಿ. ಬೀಜಿಂಗ್‌ಗೆ ಹೋಗುವ ರಾಯಭಾರಿಗಳ ತಂಡಗಳ ಮೂಲಕ ಆರ್ಡರ್ ಹೋಗುತ್ತಿತ್ತು. 18ನೇ ಶತಮಾನದಲ್ಲಿ ವಿಯೆಟ್ನಾಮಿನ ಉತ್ತರ ಭಾಗದ ಲೇ ದೊರೆಗಳು ಮತ್ತು ತ್ರಿನ್ ಪ್ರಭುಗಳ ಪಾತ್ರೆಗಳ ಬುಡದಲ್ಲಿ ‘ನೋಯ್ ಫು’, ಅಂದರೆ ಒಳ ಅರಮನೆ, ಎಂಬ ಗುರುತು ಇರುತ್ತಿತ್ತು. 1802ರಲ್ಲಿ ನ್ಗುಯೆನ್ ವಂಶ ಹುಯೆಯಿಂದ ಆಳತೊಡಗಿದ ಮೇಲೆ ಮಿನ್ ಮಾಂಗ್, ಥಿಯೂ ತ್ರಿ, ತು ದುಕ್ ದೊರೆಗಳ ಹೆಸರುಗಳೇ ಬುಡಕ್ಕೆ ಬಂದವು.

ಇವುಗಳಲ್ಲಿ ನನಗೆ ತುಂಬಾ ಇಷ್ಟವಾದದ್ದು ಚಹಾ ಬಟ್ಟಲುಗಳ ಕೆಳಗಿಡುವ ತಟ್ಟೆ. ಅದರಲ್ಲಿ ಪ್ಲಮ್ ಮರ, ಅದರ ಹತ್ತಿರ ಒಂದು ಕೊಕ್ಕರೆ, ಪಕ್ಕದಲ್ಲಿ ನೋಮ್ ಲಿಪಿಯ, ಅಂದರೆ ಚೀನೀ ಅಕ್ಷರಗಳ ಮಾದರಿಯಲ್ಲಿ ವಿಯೆಟ್ನಾಮಿ ಬರೆಯುವ ಹಳೆಯ ಲಿಪಿಯ, ಎರಡು ಸಾಲು. ಪದ್ಯ ವಿಯೆಟ್ನಾಮಿ ಭಾಷೆಯದು, ಬರೆದ ಕೈ ಚೀನಾದ್ದು. 1813ರಲ್ಲಿ ರಾಯಭಾರಿಯಾಗಿ ಹೋದ ಕವಿ ನ್ಗುಯೆನ್ ಜು ಆ ಸಾಲು ಕಟ್ಟಿದ ಎಂಬ ಮಾತಿದೆ. ಆ ಚಿತ್ರ ಜನರಿಗೆ ಎಷ್ಟು ಹಿಡಿಸಿತೆಂದರೆ ಬೇರೆ ಬೇರೆ ಗುರುತಿನ ತಟ್ಟೆಗಳ ಮೇಲೂ ಮತ್ತೆ ಮತ್ತೆ ಬಂತು. ಹಲವು ತಟ್ಟೆಗಳ ಅಂಚಿಗೆ ಲೋಹದ ಪಟ್ಟಿ ಇದೆ. ನೋಡಲು ಚೆಂದ. ಆದರೆ ಅದರಡಿ ಚಕ್ಕೆ ಎದ್ದ ಅಂಚು ಮುಚ್ಚಿಹೋಗಿರಲೂಬಹುದು, ಹಾಗಾಗಿ ಕೊಳ್ಳುವವರು ಅಲ್ಲಿ ಕಣ್ಣಿಡಬೇಕು.

1885ರ ಜುಲೈಯಲ್ಲಿ ಹುಯೆ ಫ್ರೆಂಚ್ ಸೈನ್ಯದ ವಶವಾಯಿತು, ಅರಮನೆಯ ಭಂಡಾರ ಲೂಟಿಯಾಯಿತು. ನನ್ನ ಪ್ರಕಾರ ಇವತ್ತಿನ ಗೋಜಲಿನ ಬೇರು ಅಲ್ಲೇ ಇದೆ. ಯಾವ ವಸ್ತು ಯಾರ ಕೈ ಸೇರಿತು ಎಂಬ ಎಳೆ ಅಲ್ಲಿ ತುಂಡಾಯಿತು. 1923ರಲ್ಲಿ ಹುಯೆಯಲ್ಲಿ ಮ್ಯೂಸಿಯಂ ಆಯಿತು, 1945ರಲ್ಲಿ ರಾಜ ಪಟ್ಟ ಬಿಟ್ಟ, ಆಮೇಲೆ ಮೂರು ದಶಕ ಯುದ್ಧ. ಬಟ್ಟಲುಗಳು ಮನೆಯಿಂದ ಮನೆಗೆ, ದೇಶದಿಂದ ದೇಶಕ್ಕೆ ಹೋದವು.

ಇಂಥ ಕಾಲದಲ್ಲೇ ಸೈಗಾನಿನ ವುಒಂಗ್ ಹೋಂಗ್ ಸೆನ್ ಇವನ್ನು ಹುಡುಕಿ ಕೂಡಿಸಿದರು, ಇವುಗಳ ಬಗ್ಗೆ ಬರೆದರು. 1996ರಲ್ಲಿ ತೀರಿಕೊಂಡಾಗ 800ಕ್ಕೂ ಹೆಚ್ಚು ವಸ್ತುಗಳನ್ನು ಸರ್ಕಾರಕ್ಕೆ ಬಿಟ್ಟುಹೋದರು. ಅವು ಈಗ ಅಲ್ಲಿನ ಇತಿಹಾಸ ಮ್ಯೂಸಿಯಂನಲ್ಲಿವೆ. ಇಂಥವರಿಲ್ಲದಿದ್ದರೆ ಹೋಲಿಸಿ ನೋಡಲು ಅಸಲಿ ಎಲ್ಲಿ ಸಿಗುತ್ತಿತ್ತು, ಅಲ್ವಾ?

ವಿಯೆಟ್ನಾಮಿನ 2001ರ ಪರಂಪರೆ ಕಾನೂನು ಹಳೆಯ ವಸ್ತುಗಳ ಖಾಸಗಿ ಒಡೆತನವನ್ನು ಒಪ್ಪಿತು. ಸಂಗ್ರಾಹಕರು ಧೈರ್ಯವಾಗಿ ಮುಂದೆ ಬಂದರು, ಬೆಲೆಯೂ ಏರಿತು. ಜೊತೆಗೆ ನಕಲಿಗಳೂ ಬಂದವು. ನಕಲು ಮಾಡುವವರಿಗೆ ಬುಡದ ನಾಲ್ಕು ಅಕ್ಷರ ದೊಡ್ಡ ಕೆಲಸವೇ ಅಲ್ಲ. ಆದರೂ ಆ ಅಕ್ಷರಗಳನ್ನೇ ನಂಬಿ ದುಡ್ಡು ಸುರಿಯುವವರು ಜಾಸ್ತಿ. ಹಳೇ ರಸೀದಿ, ಮನೆಯ ಫೋಟೊ, ಹಿಂದಿನ ಹರಾಜಿನ ಪಟ್ಟಿ ಇದೆಯಾ ಎಂದು ಕೇಳುವವರು ಕಡಿಮೆ. ಅವು ಇಲ್ಲದಿದ್ದರೆ ಮಾರುವವರೇ ಹರಾಜಿನ ಪಟ್ಟಿಯಲ್ಲಿ ‘ಇಲ್ಲ’ ಎಂದು ಬರೆಯುವ ಪದ್ಧತಿ ಬರಬೇಕು.